ಸೇರು, ಪಾವು ಮತ್ತು ತಕ್ಕಡಿ ಮಾವ

ನನ್ನ ಸೋದರಮಾವ ತಕ್ಕಡಿ ರಿಪೇರಿ ಮಾಡುತ್ತಾರೆ. ಔಷಧಿ ಅಂಗಡಿಯ, ಚಿನ್ನದ ಕೆಲಸದವರ, ಕಾಲೇಜು ಲ್ಯಾಬಿನ ಸಣ್ಣ ತಕ್ಕಡಿಗಳಿಂದ ಹಿಡಿದು ಗುಜರಿ ಅಂಗಡಿಯ ದೊಡ್ಡ ತೂಕದ ಯಂತ್ರದವರೆಗೆ ಎಲ್ಲವೂ ಅವರ ಶೆಡ್ಡಿಗೆ ಬರುತ್ತವೆ. ಅವರ ಹೆಸರು ಹೇಳಿ ವಿಳಾಸ ಕೇಳಿದರೆ ಪಕ್ಕದ ಬೀದಿಯವರಿಗೂ ಗೊತ್ತಾಗುವುದಿಲ್ಲ. ತಕ್ಕಡಿಯವರ ಮನೆ ಎಂದರೆ ಕೈ ಹಿಡಿದು ತಂದು ಬಿಡುತ್ತಾರೆ.

ಶೆಡ್ಡು ಮನೆಯ ಹಿಂದಿದೆ. ಒಂದೇ ಕಿಟಕಿ, ತೂಕ ನೋಡುವಾಗ ಅದನ್ನೂ ಮುಚ್ಚುತ್ತಾರೆ. ಮಖಮಲ್ ಹಾಸಿದ ಮರದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತಿರುತ್ತವೆ. ಅವನ್ನು ಕೈಯಿಂದ ಮುಟ್ಟುವಂತಿಲ್ಲ, ಚಿಮುಟದಲ್ಲಿ ಎತ್ತಬೇಕು. ಕಾಲೇಜಿಗೆಂದು ಈ ಮನೆಗೆ ಬಂದ ಹೊಸದರಲ್ಲಿ ನಾನೊಂದು ಬಟ್ಟನ್ನು ಬೆರಳಲ್ಲಿ ಎತ್ತಿದ್ದೆ. ಮಾವ ಬೈಯಲಿಲ್ಲ. ಅದನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಾ, "ಬೆವರಿಗೂ ತೂಕ ಇದೆ ಕಣೇ," ಎಂದರು. ಅಂದಿನಿಂದ ಆ ಶೆಡ್ಡಿನೊಳಗೆ ನಾನು ಉಸಿರು ಕೂಡ ನೋಡಿಕೊಂಡೇ ಬಿಡುತ್ತೇನೆ.

ಅದೇ ವರ್ಷ ಬೀದಿನಾಯಿಯೊಂದು ಮಾವನ ಕೆಲಸದ ಮೇಜಿನ ಕೆಳಗೆ ನಾಲ್ಕು ಮರಿ ಹಾಕಿತು. ಎರಡು ಮರಿ ಉಳಿಯಲಿಲ್ಲ. ಐದನೆಯ ದಿನ ತಾಯಿ ಮುಖ್ಯರಸ್ತೆ ದಾಟಲು ಹೋಗಿ ಲಾರಿಗೆ ಸಿಕ್ಕಿತು. ಕಣ್ಣು ಬಿಡದ ಎರಡು ಹೆಣ್ಣುಮರಿಗಳನ್ನು ಮಾವ ಒಂದೊಂದು ತಟ್ಟೆಯಲ್ಲಿ ಮಲಗಿಸಿ ತೂಗಿದರು. ಒಂದು ನಾನೂರ ಹತ್ತು ಗ್ರಾಂ, ಇನ್ನೊಂದು ಮುನ್ನೂರ ನಲವತ್ತು. ದೊಡ್ಡದಕ್ಕೆ ಸೇರು ಎಂದೂ ಚಿಕ್ಕದಕ್ಕೆ ಪಾವು ಎಂದೂ ಹೆಸರಾಯಿತು. ಡ್ರಾಪರಿನಲ್ಲಿ ಹಾಲು ಕುಡಿಸಿ, ಪ್ರತಿದಿನದ ತೂಕವನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಮಾವ ಅವುಗಳನ್ನು ಬದುಕಿಸಿದರು.

ಆರು ತಿಂಗಳಿಗೆ ಪಾವು ಸೇರನ್ನು ಮೀರಿಸಿ ಬೆಳೆಯಿತು. ತನ್ನ ತಕ್ಕಡಿ ಸರಿಮಾಡಿಸಲು ಬಂದಿದ್ದ ತರಕಾರಿಯವಳು ಎರಡನ್ನೂ ನೋಡಿ, "ಪಾವು ಸೇರಿಗಿಂತ ಜಾಸ್ತಿ ತೂಗ್ತದಲ್ಲ! ಅಣ್ಣ, ನನಗೂ ಇಂಥದ್ದೇ ಒಂದು ತಕ್ಕಡಿ ಮಾಡ್ಕೊಡಿ," ಎಂದಿದ್ದು ಬೀದಿಯಲ್ಲೆಲ್ಲ ಹಬ್ಬಿತು.

ಮಾವನಿಗೆ ನಾಯಿ ಸಾಕಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ತೂಕ. ಹಾಗಾಗಿ ತೂಕದಲ್ಲೇ ಸಾಕಿದರು. ಎರಡು ಸ್ಟೀಲ್ ಬಟ್ಟಲು ತಂದು, ಒಂದರ ಅಂಚನ್ನು ಅರದಿಂದ ಉಜ್ಜಿ ಇನ್ನೊಂದಕ್ಕೆ ಸಮ ಮಾಡಿದರು. ಅನ್ನ, ಮೊಟ್ಟೆ ಎಲ್ಲವನ್ನೂ ತೂಗಿಯೇ ಬಡಿಸುತ್ತಿದ್ದರು. ಬಟ್ಟಲುಗಳನ್ನು ಎರಡು ಕೈಯಲ್ಲಿ ಹಿಡಿದು, ಅಡುಗೆಮನೆಯ ಬಾಗಿಲ ಬಳಿ, ಒಂದೇ ಗಳಿಗೆಯಲ್ಲಿ, ಒಂದರ ಪಕ್ಕ ಒಂದು ಇಡುತ್ತಿದ್ದರು. ಹಳೆಯ ತಕ್ಕಡಿಯ ಸರಪಳಿಯಿಂದ ಎರಡು ಕವಲಿನ ಹಗ್ಗ ಮಾಡಿ ಇಬ್ಬರನ್ನೂ ಒಟ್ಟಿಗೆ ಸುತ್ತಾಡಿಸುತ್ತಿದ್ದರು. ತಲೆ ಸವರುವುದಿದ್ದರೆ ಎರಡು ಕೈಯಿಂದ ಇಬ್ಬರದನ್ನೂ ಒಮ್ಮೆಗೇ ಸವರುತ್ತಿದ್ದರು. ಒಂದು ಕೈ ಮೊದಲು, ಇನ್ನೊಂದು ಆಮೇಲೆ ಎಂಬುದು ಇರಬಾರದು.

"ನನಗೆ ಯಾವತ್ತಾದ್ರೂ ಇಷ್ಟು ಲೆಕ್ಕವಾಗಿ ಏನಾದ್ರೂ ಕೊಟ್ಟಿದ್ದಾರಾ ಕೇಳು," ಎಂದು ಅತ್ತೆ ನನ್ನ ಹತ್ತಿರ ನಗುತ್ತಿದ್ದರು. ಅತ್ತೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದಲ್ಲಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಸಂಜೆ ಆರಕ್ಕೆ ಬರುತ್ತಾರೆ.

ಇಪ್ಪತ್ತು ತಿಂಗಳು ಎಲ್ಲವೂ ಸರಿಯಾಗಿತ್ತು. ಒಂದೇ ಚಾಪೆಯ ಮೇಲೆ, ಒಂದರ ಹೊಟ್ಟೆಗೆ ಇನ್ನೊಂದರ ಬೆನ್ನು ಒತ್ತಿಕೊಂಡು ಮಲಗುತ್ತಿದ್ದವು. ಆಮೇಲೊಂದು ದಿನ, ಪರವೂರಿಗೆ ಕೆಲಸಕ್ಕೆ ಹೋಗಿದ್ದ ಮಾವ ಎರಡು ದಿನದ ಮೇಲೆ ಬಂದು ಗೇಟು ತೆಗೆದರು. ಎರಡೂ ಓಡಿದವು. ಪಾವು ಮೊದಲು ಮುಟ್ಟಿತು. ಸೇರು ಹಿಂದಿನಿಂದ ಬಂದು ಅದರ ಕಿವಿಗೆ ಬಾಯಿ ಹಾಕಿತು. ನಾನು ವರಾಂಡದಲ್ಲೇ ಇದ್ದೆ. ಅಷ್ಟು ದಿನ ಒಂದೇ ಚಾಪೆಯಲ್ಲಿದ್ದವುಗಳ ಗಂಟಲಿನಲ್ಲಿ ಆ ಸದ್ದು ಎಲ್ಲಿತ್ತೋ ತಿಳಿಯಲಿಲ್ಲ. ಬಕೆಟ್ಟಿನ ನೀರು ಎರಚಿ ಬಿಡಿಸಿದೆವು.

ನಾಯಿ ಡಾಕ್ಟರಮ್ಮ ಪಾವಿನ ಕಿವಿಗೆ ಹೊಲಿಗೆ ಹಾಕುತ್ತಲೇ ಮಾತಿಗೆ ತೊಡಗಿದರು.

"ಒಂದೇ ಸೂಲಿನವು, ಎರಡೂ ಹೆಣ್ಣು. ಅಲ್ವಾ?"

"ಹೌದು. ಆಪರೇಷನ್ ಆಗಿದೆ. ನೀವೇ ಮಾಡಿದ್ದು," ಎಂದರು ಮಾವ.

"ನೆನಪಿದೆ. ಊಟ ಎಲ್ಲಿ ಹಾಕ್ತೀರಿ?"

"ಇಬ್ಬರಿಗೂ ಒಂದೇ ಹೊತ್ತಿಗೆ. ಒಂದು ಗ್ರಾಂ ಹೆಚ್ಚುಕಡಿಮೆ ಇರಲ್ಲ."

"ಗ್ರಾಂ ಕೇಳಲಿಲ್ಲ ನಾನು. ಎಲ್ಲಿ ಅಂದೆ."

"ಅಡುಗೆಮನೆ ಬಾಗಿಲ ಹತ್ರ. ಅಕ್ಕಪಕ್ಕ."

ಡಾಕ್ಟರಮ್ಮ ದಾರ ಕತ್ತರಿಸಿದರು. "ಅಕ್ಕತಂಗಿ ಅಂತ ನಿಮಗೆ. ಅವು ಈಗ ದೊಡ್ಡೋರಾದ್ವು. ಕೆಲವು ಜೋಡಿ ಕೊನೇವರೆಗೂ ಒಂದೇ ಚಾಪೆ ಮೇಲೆ ಮಲಗ್ತವೆ. ಕೆಲವಕ್ಕೆ ಆಗಲ್ಲ. ನಿಮ್ಮದು ಯಾವ ಜೋಡಿ ಅಂತ ಇವತ್ತು ಹೇಳಕ್ಕೆ ನನಗೆ ಬರಲ್ಲ. ಊಟ, ಹಾಸಿಗೆ, ಓಡಾಟ ಎಲ್ಲ ಬೇರೆ ಬೇರೆ ಮಾಡಿ. ಎರಡು ತಿಂಗಳು ನೋಡೋಣ."

ಮಾವ ಶ್ರದ್ಧೆಯಿಂದ ತಲೆಯಾಡಿಸಿದರು. ಆದರೆ ಅವರಿಗೆ ಕೇಳಿಸಿದ್ದೇ ಬೇರೆ. ತಕ್ಕಡಿ ವಾಲಿದರೆ ಎಲ್ಲೋ ಒಂದು ಕಡೆ ಭಾರ ಸೇರಿಕೊಂಡಿದೆ ಎಂದೇ ಅರ್ಥ, ಅದನ್ನು ಹುಡುಕಿ ತೆಗೆದರೆ ಸರಿಹೋಗುತ್ತದೆ. ಮೂವತ್ತು ವರ್ಷ ಅವರು ಮಾಡಿದ್ದು ಅದನ್ನೇ. ಮನೆಗೆ ಬಂದವರೇ ಬಟ್ಟಲುಗಳನ್ನು ತೂಗಿದರು. ಸೇರಿನ ಬಟ್ಟಲಿನ ತಳಕ್ಕೆ ಒಣಗಿದ ಅನ್ನ ಹತ್ತಿ ಅದು ನಾಲ್ಕು ಗ್ರಾಂ ಹೆಚ್ಚಿತ್ತು.

"ನಾಲ್ಕು ಗ್ರಾಂ! ನೋಡಿದ್ಯಾ," ಎಂದು ಕಳ್ಳನನ್ನು ಹಿಡಿದವರಂತೆ ಅತ್ತೆಗೆ ತೋರಿಸಿದರು.

"ಅದನ್ನ ಅವುಗಳಿಗೂ ತೋರಿಸಿ. ಸಮಾಧಾನ ಆಗಬಹುದು," ಎಂದರು ಅತ್ತೆ.

ಬಟ್ಟಲು ತಿಕ್ಕಿದ್ದಾಯಿತು. ನೆಲ ಸಮ ಇದೆಯೇ ಎಂದು ಮಟ್ಟಗೋಲು ಇಟ್ಟು ನೋಡಿ, ಒಂದು ಬಟ್ಟಲಿನ ಕೆಳಗೆ ತೆಳ್ಳನೆ ರಟ್ಟು ಸೇರಿಸಿದ್ದೂ ಆಯಿತು. ಡಾಕ್ಟರಮ್ಮ ಹೇಳಿದ್ದನ್ನು ನಾನು ಒಂದೆರಡು ಸಲ ನೆನಪಿಸಿದೆ. "ಬೇರೆ ಮಾಡಿದ್ರೆ ಒಬ್ಬಳಿಗೆ ಮೊದಲು ಹಾಕಬೇಕಾಗತ್ತೆ. ಇನ್ನೊಬ್ಬಳು ನೋಡ್ಕೊಂಡು ಕೂತಿರಬೇಕಾ?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ನಾಯಿಗಳಿಗಿಂತ ಹಳೆಯದೇನೋ ಇದೆ ಎಂದು ನನಗೆ ಆಗ ತಿಳಿಯಲಿಲ್ಲ.

ಕಿವಿಗೆ ಹೊಲಿಗೆ ಬಿದ್ದ ಹತ್ತೊಂಬತ್ತನೆಯ ದಿನ ಬಟ್ಟಲುಗಳ ಮುಂದೆಯೇ ಜಗಳ ಹತ್ತಿತು. ಮಾವ ನಡುವೆ ಕೈ ಹಾಕಿದರು. ಯಾರ ಹಲ್ಲು ಎಂದು ಕೊನೆಗೂ ಗೊತ್ತಾಗಲಿಲ್ಲ. ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಸೀಳಿ, ಒಂಬತ್ತು ಹೊಲಿಗೆ ಬಿದ್ದವು. ಬೆರಳು ಅಲುಗದಂತೆ ಪಟ್ಟಿ ಕಟ್ಟಿ, ತೋಳನ್ನು ಕುತ್ತಿಗೆಗೆ ಜೋಲಿ ಹಾಕಿ, ಮೂರು ವಾರ ಹೀಗೇ ಇರಲಿ ಎಂದರು ಆಸ್ಪತ್ರೆಯಲ್ಲಿ. ಚಿಮುಟ ಹಿಡಿಯುವ ಬೆರಳುಗಳು ಅವು.

ಆ ಸಂಜೆ ಸೇರು ಶೆಡ್ಡಿನಲ್ಲಿತ್ತು, ಪಾವು ಮನೆಯೊಳಗಿತ್ತು. ಎರಡೂ ಕಡೆ ಬಾಗಿಲು ಹಾಕಿತ್ತು. ಅತ್ತೆ ಅಂಗಡಿಯ ಸೀರೆಯನ್ನೂ ಬದಲಿಸದೆ ಮಾವನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ರೀ, ಒಬ್ಬಳನ್ನ ಕಳಿಸೋಣ."

ಮಾವ ಪಟ್ಟಿ ಕಟ್ಟಿದ ಕೈಯನ್ನೇ ನೋಡುತ್ತಿದ್ದರು.

"ನನಗೂ ಇಬ್ಬರೂ ಇಷ್ಟ. ನಿಮ್ಮ ಕೈ ಇನ್ನೂ ಇಷ್ಟ. ನರ್ಸರಿಯವರು ನಾಯಿ ಬೇಕು ಅಂತಿದ್ರಲ್ಲ. ಸುತ್ತ ಬೇಲಿ ಇದೆ, ನೆರಳಿದೆ, ದಿನವಿಡೀ ಜನ ಇರ್ತಾರೆ. ಬೀದಿಗೆ ಬಿಡಿ ಅಂತಿಲ್ಲ ನಾನು."

ನರ್ಸರಿಯವರು ಎಂದರೆ ಊರಾಚೆ ಗಿಡ ಬೆಳೆಸಿ ಮಾರುವವರು. ಗೊಬ್ಬರ ತೂಗುವ ತಕ್ಕಡಿ ತರುತ್ತಾ ಮಾವನಿಗೆ ಗೆಳೆಯರಾದವರು. ಮರುದಿನವೇ ಬಂದರು. ಪಾಪ, ಒಳ್ಳೆಯ ಮನುಷ್ಯ. ಹನ್ನೊಂದು ದಿನ ಬಿಟ್ಟು ಬರುವ ಭಾನುವಾರ ವ್ಯಾನ್ ತರುತ್ತೇನೆ ಎಂದರು. "ಯಾವುದನ್ನ ಕೊಟ್ರೂ ಸರಿ ಸ್ವಾಮಿ. ನನಗೆ ಎರಡೂ ಒಂದೇ."

ಮಾವನ ಮುಖ ಬಿಳಿಚಿಕೊಂಡಿದ್ದನ್ನು ನಾನು ನೋಡಿದೆ.

ಆ ದಿನಗಳಲ್ಲಿ ಕಾಲೇಜು ಮುಗಿದ ಮೇಲೆ ನಾನೇ ಮಾವನ ಬಲಗೈ. ಅವರು ಹೇಳಿದ ಬಟ್ಟನ್ನು ಚಿಮುಟದಲ್ಲಿ ಎತ್ತಿ ತಟ್ಟೆಯಲ್ಲಿಡುವುದು, ಮುಳ್ಳು ನಿಲ್ಲುವವರೆಗೆ ಕಾಯುವುದು. ಒಮ್ಮೆ ಹಾಗೆ ಕಾಯುತ್ತಿರುವಾಗ ಮಾವ ಇದ್ದಕ್ಕಿದ್ದಂತೆ ಮಾತಾಡಿದರು.

"ನಾನು ಚಿಕ್ಕಮ್ಮನ ಮನೇಲಿ ಬೆಳೆದಿದ್ದು ಯಾಕೆ ಅಂತ ನಿಮ್ಮಮ್ಮ ಹೇಳಿದಾಳಾ?"

"ಚಿಕ್ಕಜ್ಜಿಗೆ ಮಕ್ಕಳಿರಲಿಲ್ಲ ಅಂತ."

"ಅದೂ ಹೌದು. ನಾನು, ಅಣ್ಣ, ಒಂದು ವರ್ಷ ಅಂತರ. ಬೆಳಗೆದ್ರೆ ಹೊಡೆದಾಟ. ತಲೆ ಒಡೆದುಕೊಂಡಿದ್ದೂ ಇದೆ. ಚಿಕ್ಕಮ್ಮ ಬಂದಿದ್ದಳು. ಇಬ್ಬರಲ್ಲಿ ಒಬ್ಬನ್ನ ಕರ್ಕೊಂಡು ಹೋಗು ಅಂದಳು ಅಮ್ಮ. ನಾನು ಹೋದೆ. ಆರು ವರ್ಷ ನನಗೆ."

"ನೀವೇ ಯಾಕೆ?"

"ದೊಡ್ಡೋನಾದ ಮೇಲೆ ಅಮ್ಮನ್ನ ಕೇಳಿದೆ. ತುಂಬಾ ಹೊತ್ತು ಯೋಚನೆ ಮಾಡಿದಳು ಪಾಪ. ಆಮೇಲೆ, ಬಸ್ಸಿಗೆ ಹೊತ್ತಾಗಿತ್ತು, ನೀನು ಚಪ್ಪಲಿ ಹಾಕ್ಕೊಂಡಿದ್ದೆ, ಅವನು ಹಾಕ್ಕೊಂಡಿರಲಿಲ್ಲ ಅಂದಳು."

ಮುಳ್ಳು ನಿಂತು ಎಷ್ಟೋ ಹೊತ್ತಾಗಿತ್ತು. ಇಬ್ಬರೂ ಅದನ್ನು ನೋಡಲಿಲ್ಲ.

"ಚಿಕ್ಕಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಳು. ಚಿಕ್ಕಪ್ಪ ಈ ಕೆಲಸ ಕಲಿಸಿದ. ಅಲ್ಲಿಗೆ ಹೋಗದಿದ್ರೆ ಈ ಶೆಡ್ಡು ಇರ್ತಿರಲಿಲ್ಲ, ನಿಮ್ಮತ್ತೆ ಸಿಗ್ತಿರಲಿಲ್ಲ. ಋಣ ಇದೆ, ದೂರಿಲ್ಲ. ಆದ್ರೆ ಈಗ ಇವರಿಬ್ಬರಲ್ಲಿ ಒಬ್ಬಳನ್ನ ನಾನು ಆರಿಸಬೇಕು. ಏನು ನೋಡಿ ಆರಿಸಲಿ? ನನಗೂ ಎರಡೂ ಒಂದೇ. ಒಂದೇ ಅನ್ನೋ ಹಾಗೇ ಸಾಕಿದ್ದೀನಿ."

ನಾನು ಮುಳ್ಳು ಎಲ್ಲಿ ನಿಂತಿದೆ ಎಂದು ಓದಿ ಹೇಳಿದೆ. ಅವರು ಬರೆದುಕೊಳ್ಳಲು ಹೇಳಿದರು.

ನಮ್ಮ ಮನೆಯಲ್ಲಿ ಬದಲಾವಣೆ ಯಾರ ಬುದ್ಧಿವಂತಿಕೆಯಿಂದಲೂ ಆಗಲಿಲ್ಲ. ಮಾವನಿಗೆ ಒಂದೇ ಕೈ ಉಳಿದಿತ್ತು, ಅಷ್ಟೇ. ಅತ್ತೆ ಎಂಟಕ್ಕೆ ಹೋಗುತ್ತಿದ್ದರು, ನಾನು ಎಂಟೂವರೆಗೆ. ನಾಯಿಗಳ ಊಟ ಒಂಬತ್ತಕ್ಕೆ. ಎಡಗೈಯಲ್ಲಿ ಒಂದು ಬಟ್ಟಲು ಹಿಡಿಯಬಹುದಿತ್ತು, ಎರಡಲ್ಲ. ಬೇರೆ ದಾರಿಯಿಲ್ಲದೆ ಒಬ್ಬಳಿಗೆ ಶೆಡ್ಡಿನಲ್ಲಿ ಹಾಕಿ, ಅವಳದು ಮುಗಿಯುವವರೆಗೆ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದು, ಆಮೇಲೆ ಬಾಗಿಲು ಹಾಕಿಕೊಂಡು ಮನೆಯೊಳಗೆ ಇನ್ನೊಬ್ಬಳಿಗೆ ಹಾಕಬೇಕಾಯಿತು.

ಎರಡನೆಯ ದಿನ ಸಂಜೆ ನಾನು ಬಂದಾಗ ಮಾವ ಗೇಟಿನಲ್ಲೇ ಕಾಯುತ್ತಿದ್ದರು.

"ಸೇರು ಎಷ್ಟು ಹೊತ್ತು ಊಟ ಮಾಡ್ತಾಳೆ ಗೊತ್ತಾ?"

"ಎರಡು ನಿಮಿಷ. ಬಾಚಿ ನುಂಗ್ತಾಳಲ್ಲ."

"ಹನ್ನೊಂದು ನಿಮಿಷ. ಗಡಿಯಾರ ನೋಡಿದೆ. ಒಂದು ತುತ್ತು ತಿಂದು ತಲೆ ಎತ್ತಿ ನನ್ನ ನೋಡ್ತಾಳೆ. ಮತ್ತೆ ಒಂದು ತುತ್ತು. ನಿಮ್ಮಜ್ಜಿ ಊಟಕ್ಕೆ ಕೂತ ಹಾಗೆ."

"ಪಾವು?"

"ಅವಳು ಬಟ್ಟಲಲ್ಲಿ ತಿನ್ನೋದೇ ಇಲ್ಲ ಕಣೇ. ಮೊಟ್ಟೆ ಚೂರು ಕಚ್ಚಿಕೊಂಡು ಕುರ್ಚಿ ಕೆಳಗೆ ಹೋಗ್ತಾಳೆ, ಅಲ್ಲಿ ಮಲಗಿಕೊಂಡು ತಿಂತಾಳೆ. ಮತ್ತೆ ಬರ್ತಾಳೆ, ಇನ್ನೊಂದು ಚೂರು. ಇಷ್ಟು ದಿನ ಇಬ್ಬರೂ ಪೈಪೋಟಿ ಮೇಲೆ ನುಂಗ್ತಿದ್ರು. ರುಚಿನೂ ನೋಡಿರಲಿಲ್ಲವೇನೋ."

ಸುತ್ತಾಟವೂ ಹಾಗೆಯೇ ಆಯಿತು. ಕವಲು ಸರಪಳಿಯನ್ನು ಒಂದು ಕೈಯಲ್ಲಿ ತಡೆಯಲು ಆಗದು. ಮಾವ ಬೆಳಿಗ್ಗೆ ಒಬ್ಬಳನ್ನು, ಸಂಜೆ ಒಬ್ಬಳನ್ನು ಕರೆದುಕೊಂಡು ಹೋದರು, ದಿನ ಬಿಟ್ಟು ದಿನ ಸರದಿ ಬದಲಿಸಿದರು. ದಿನಕ್ಕೊಂದು ಸುದ್ದಿ ತಂದರು. ಪಾವಿಗೆ ಕೈಗಾಡಿಯ ಚಕ್ರದ ಸದ್ದು ಕೇಳಿದರೆ ಭಯ, ಮಾವನ ಕಾಲಿನ ಹಿಂದೆ ಅವಿತುಕೊಳ್ಳುತ್ತದೆ. ಅಷ್ಟು ದೊಡ್ಡ ಮೈಯವಳು. ಸೇರಿಗೆ ಅವಸರವೇ ಇಲ್ಲ, ಪ್ರತಿ ಗೋಡೆಯ ಬುಡವನ್ನೂ ಪತ್ರಿಕೆ ಓದುವವರಂತೆ ಓದಿ ಮುಂದೆ ಹೋಗುತ್ತದೆ. ಹೊಲಿಗೆಯಂಗಡಿಯ ಮುಂದೆ ಕೂತು ಮಿಷನ್ನಿನ ಸದ್ದು ಕೇಳುತ್ತದೆ. ಎಳೆದರೂ ಏಳುವುದಿಲ್ಲ.

"ಎರಡು ವರ್ಷ ಒಂದೇ ಮನೇಲಿದ್ದೀನಿ. ನೋಡೇ ಇರಲಿಲ್ಲ ಅವಳನ್ನ," ಎಂದರು ಮಾವ. ಅವರ ದನಿಯಲ್ಲಿ ನಾಚಿಕೆಯೂ ಇತ್ತು, ಸಂಭ್ರಮವೂ ಇತ್ತು.

ನಾಯಿಗಳೂ ಬದಲಾದವು. ಮಾವ ಸ್ಟೂಲಿನ ಮೇಲೆ ಕೂತರೆ ಸೇರು ಅವರ ಪಾದದ ಮೇಲೆ ಗದ್ದ ಇಟ್ಟು ನಿಟ್ಟುಸಿರು ಬಿಡುತ್ತಿತ್ತು. ಮೊದಲಾಗಿದ್ದರೆ ಅದು ಕಣ್ಣಂಚಿನಲ್ಲಿ ಇನ್ನೊಂದನ್ನು ಹುಡುಕುತ್ತಿತ್ತು. ಬಾಗಿಲಿನ ಆಚೆಗಿದ್ದ ಪಾವಿನ ಉಗುರಿನ ಸದ್ದು ಕೇಳಿದರೆ ಈಗ ಕಿವಿ ಎತ್ತುತ್ತಿತ್ತು, ಬೆನ್ನಿನ ಕೂದಲು ಏಳುತ್ತಿರಲಿಲ್ಲ. ಪಟ್ಟಿ ಬದಲಿಸಿಕೊಂಡು ಬರುವ ದಾರಿಯಲ್ಲಿ ಮಾವ ಡಾಕ್ಟರಮ್ಮನ ಹತ್ತಿರ ಇದನ್ನೆಲ್ಲ ಹೇಳಿದರಂತೆ. "ನಾನು ಬಾಯಲ್ಲಿ ಹೇಳಿದ್ದನ್ನ ನಿಮ್ಮ ನಾಯಿ ಕಚ್ಚಿ ಹೇಳಬೇಕಾಯ್ತು," ಎಂದರಂತೆ ಅವರು.

ಶುಕ್ರವಾರ ಬಂತು. ಅತ್ತೆ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದರು. ಮಾವ ಬಾಗಿಲಿಗೆ ಒರಗಿ ನಿಂತರು.

"ನರ್ಸರಿಯವರು ನಾಳಿದ್ದು ಬರ್ತಾರೆ."

"ಗೊತ್ತು. ಆರಿಸಿದ್ರಾ?"

"ಅವತ್ತು ಆರಿಸಕ್ಕೆ ಆಗ್ತಿರಲಿಲ್ಲ. ಈಗ ಆಗತ್ತೆ. ಯಾರಿಗೆ ಬಯಲು ಬೇಕು, ಯಾರಿಗೆ ಸದ್ದು ಆಗಲ್ಲ, ಎಲ್ಲ ಗೊತ್ತಾಗಿದೆ. ಸೇರನ್ನ ಕೊಟ್ರೆ ಅಲ್ಲಿ ಚೆನ್ನಾಗೇ ಇರ್ತಾಳೆ." ಕುತ್ತಿಗೆಯ ಜೋಲಿ ಸರಿಮಾಡಿಕೊಂಡರು. "ಗೊತ್ತಾದ ಮೇಲೆ ಕೊಡಕ್ಕೆ ಆಗ್ತಿಲ್ಲ."

ಅತ್ತೆ ಲೋಟಗಳನ್ನು ತುಂಬಿಸಿದರು. ಕನ್ನಡಕದ ಗಾಜಿನ ಅಂಚು ನೋಡುವಂತೆ ಗಂಡನ ಮುಖವನ್ನು ಒಂದು ಕಣ್ಣು ಕಿರಿದು ಮಾಡಿ ನೋಡಿದರು. ಈ ಮನೆಯಲ್ಲಿ ಚಪ್ಪಲಿಯ ಕಥೆ ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು.

"ಕೈ ವಾಸಿಯಾದ ಮೇಲೆ?"

"ವಾಸಿಯಾದ್ರೂ ಒಂದೇ ಕೈಯವನ ಹಾಗೇ ಇರ್ತೀನಿ."

"ನಾನಿಲ್ಲದಾಗ ಇಬ್ಬರನ್ನ ಒಟ್ಟಿಗೆ ಬಿಡಬಾರದು."

"ಬಿಡಲ್ಲ."

"ಇನ್ನೊಂದು ಸಲ ರಕ್ತ ಕಂಡ್ರೆ ನಾನೇ ವ್ಯಾನ್ ಕರೆಸ್ತೀನಿ. ಆಗ ಮಾತಾಡಬಾರದು."

"ಆಡಲ್ಲ."

"ಚಹಾ ಕುಡೀರಿ. ಆರ್ತಾ ಇದೆ."

ಶನಿವಾರ ಬೆಳಿಗ್ಗೆ ಬಡಗಿಯೊಬ್ಬ ಸೊಂಟದೆತ್ತರದ ಒಂದು ಜಾಲರಿ ಬಾಗಿಲು ಹೊತ್ತುಕೊಂಡು ಬಂದ. ಅಡುಗೆಮನೆಗೂ ವರಾಂಡಕ್ಕೂ ನಡುವೆ ಹಾಕಬೇಕಂತೆ. ಮಾವ ತಬ್ಬಿಬ್ಬಾಗಿ, ನಾನು ಹೇಳಿಲ್ಲವಲ್ಲಪ್ಪ ಎಂದರು. ಒಳಗಿನಿಂದ ಅತ್ತೆ, "ಅಳತೆ ನಾನು ಕೊಟ್ಟಿದ್ದು," ಎಂದು ಕೂಗಿ ಹೇಳಿದರು. ಅಂಥ ಬಾಗಿಲು ಮಾಡಲು ಕಡಿಮೆಯೆಂದರೂ ನಾಲ್ಕು ದಿನ ಬೇಕು. ಶುಕ್ರವಾರದ ಮಾತಿಗೆ ಮೊದಲೇ ಅತ್ತೆ ಅಳತೆ ಕೊಟ್ಟಿದ್ದರು. ಮಾವ ಅದನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ನನಗೆ ಕಂಡಿತು. ಬಡಗಿ ಮೊಳೆ ಹೊಡೆಯುವಾಗ ಎಡಗೈಯಿಂದ ಬಾಗಿಲನ್ನು ಎತ್ತಿ ಹಿಡಿದುಕೊಂಡು ನಿಂತರು, ಕೆಲಸ ಮುಗಿಯುವವರೆಗೂ.

ಭಾನುವಾರ ನರ್ಸರಿಯವರು ವ್ಯಾನಿನಲ್ಲಿ ಹಳೆಯ ಕಂಬಳಿ ಹಾಸಿಕೊಂಡು ಬಂದರು. ಮಾವ ಗೇಟಿನ ಹೊರಗೇ ನಿಂತು, ತಡವರಿಸುತ್ತಾ, ಕೊಡಲು ಆಗುತ್ತಿಲ್ಲ ಎಂದರು, ಎರಡು ಸಲ ಕ್ಷಮೆ ಕೇಳಿದರು.

"ಅಯ್ಯೋ ಸ್ವಾಮಿ, ನೀವು ಕೊಡಲ್ಲ ಅಂತ ನಮ್ಮ ಮನೆಯವಳು ಆವತ್ತೇ ಹೇಳಿದ್ದಳು," ಎಂದರು ಅವರು. "ನಾಯಿ ತರ್ತೀನಿ ಅಂತ ಹೊರಟ್ರೆ, ಬರುವಾಗ ಕಂಬಳಿ ಒಗೆಯೋಕೆ ಕೊಟ್ಟು ಬನ್ನಿ ಅಂದಳು." ಒಳಗೆ ಬಂದು ಚಹಾ ಕುಡಿದರು. ಜಾಲರಿಯ ಈ ಕಡೆ ಒಬ್ಬಳು, ಆ ಕಡೆ ಒಬ್ಬಳು ಮಲಗಿದ್ದನ್ನು ಬಹಳ ಹೊತ್ತು ನೋಡಿ, "ಎರಡೂ ಒಂದೇ ಅಂದಿದ್ದೆ. ಮುಖ ಬೇರೇನೇ ಇದೆ," ಎಂದರು.

ಇದೆಲ್ಲ ಆಗಿ ಒಂಬತ್ತು ತಿಂಗಳಾಯಿತು. ಮಾವನ ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ, ಆದರೆ ಚಿಮುಟ ಹಿಡಿಯುತ್ತದೆ. ಮತ್ತೆ ರಕ್ತ ಕಂಡಿಲ್ಲ. ಎರಡು ಸಲ ಜಾಲರಿಯ ಎರಡು ಬದಿಯಿಂದ ಗುರ್ ಎಂದದ್ದಿದೆ. ಯಾರೋ ಒಬ್ಬರು ಎದ್ದು ಒಬ್ಬಳನ್ನು ಶೆಡ್ಡಿಗೆ ಕರೆದೊಯ್ದರೆ ಮುಗಿಯುತ್ತದೆ. ಒಂದೇ ಚಾಪೆಯ ಮೇಲೆ ಅವು ಇನ್ನು ಮಲಗಲಾರವು. ನಾವು ಮನೆಯಲ್ಲಿದ್ದಾಗ ಅಂಗಳದ ಒಂದೇ ನೆರಳಿನಲ್ಲಿ, ನಡುವೆ ನಾಲ್ಕು ಮಾರು ಜಾಗ ಬಿಟ್ಟುಕೊಂಡು, ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ಮಲಗುತ್ತವೆ. ಶಾಂತಿ ಎಂದರೆ ಇಷ್ಟು ಎಂದು ನಾವೂ ಒಪ್ಪಿಕೊಂಡಿದ್ದೇವೆ. ನನ್ನ ಮಟ್ಟಿಗೆ ಅದು ಕಡಿಮೆಯೇನಲ್ಲ. ಮನೆ ಬಿಟ್ಟು ಬಂದು ಇನ್ನೊಬ್ಬರ ಮನೆಯಲ್ಲಿ ಓದುವವಳಿಗೆ, ತನ್ನನ್ನು ತನ್ನಷ್ಟಕ್ಕೇ ಒಬ್ಬಳೆಂದು ನೋಡುವ ಮಾವ, ಅತ್ತೆಯರ ಎರಡು ಜೊತೆ ಕಣ್ಣು ಸಿಕ್ಕಿವೆ. ಮೊನ್ನೆ ಮಾವ, ನೀನು ಅನ್ನಕ್ಕೆ ಮೊಸರನ್ನು ಸಾರಿಗಿಂತ ಮೊದಲೇ ಹಾಕಿಕೊಳ್ಳುತ್ತೀಯಲ್ಲ, ಯಾಕೆ ಎಂದು ಕೇಳಿದರು. ಮೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಹೋದ ತಿಂಗಳು ಡಾಕ್ಟರಮ್ಮ ಇಬ್ಬರನ್ನೂ ಒಂದೇ ಹೊತ್ತಿಗೆ ರಸ್ತೆಗೆ ಕರೆದೊಯ್ಯಬಹುದು ಎಂದರು. ಇಬ್ಬರು ಮನುಷ್ಯರು, ಎರಡು ಹಗ್ಗ, ರಸ್ತೆಯ ಎರಡು ಬದಿ. ಮಾವ ಪಾವನ್ನು ಹಿಡಿದು ಆ ಬದಿಗೆ ಹೋದರು, ನಾನು ಸೇರಿನ ಜೊತೆ ಈ ಬದಿ. ಪಾವು ಉದ್ದ ಹೆಜ್ಜೆಯವಳು, ನಮಗಿಂತ ಬಹಳ ಮುಂದೆ ಹೋಗಿಬಿಟ್ಟಿತು. ಸೇರು ಎಂದಿನಂತೆ ಗೋಡೆಗಳನ್ನು ಓದುತ್ತಾ ಬರುತ್ತಿತ್ತು. ತಿರುವಿನ ಹತ್ತಿರ ತಲೆಯೆತ್ತಿ ನೋಡಿದರೆ ಮಾವ ಹಗ್ಗ ಎಳೆಯುತ್ತಿದ್ದರು. ಪಾವು ರಸ್ತೆಯಂಚಿನಲ್ಲಿ ಕೂತುಬಿಟ್ಟಿತ್ತು.

"ಏನಾಯ್ತು ಮಾವ?" ಎಂದು ಕೂಗಿದೆ.

"ಏಳ್ತಿಲ್ಲ. ನಿಮ್ಮನ್ನೇ ನೋಡ್ತಿದಾಳೆ," ಎಂದು ಅವರು ಆ ಬದಿಯಿಂದ ಕೂಗಿದರು. "ನೀವು ಅವಸರ ಮಾಡಬೇಡಿ. ನಿಧಾನಕ್ಕೆ ಬನ್ನಿ."

ನಾವು ನಿಧಾನಕ್ಕೇ ಹೋದೆವು. ಸೇರು ಸರಿಯಾಗಿ ಎದುರಿಗೆ ಬಂದ ಮೇಲೆ ಪಾವು ಎದ್ದು ಮೈ ಕೊಡವಿಕೊಂಡಿತು. ಆಮೇಲೆ ಎರಡೂ, ಒಂದನ್ನೊಂದು ನೋಡದೆ, ರಸ್ತೆಯ ಎರಡು ಬದಿಯಲ್ಲಿ ನಡೆದವು.